ದೊರೆಯ ಎಂಟು ಭಾನುವಾರಗಳು

ಮುಚ್ಚಿಹೋದ ಈಜುಕೊಳದ ಹಿಂದೆ ಒಂದು ಮೈದಾನವಿತ್ತು. ಅಲ್ಲಿ ಪ್ರತಿ ಭಾನುವಾರ ಬೆಳಿಗ್ಗೆ ಏಳಕ್ಕೆ ನಾಯಿಗಳಿಗೆ ಪಾಠ. ನಾಯಿಗಳಿಗೆ ಎನ್ನುವುದು ಗೇಟಿನ ಬೋರ್ಡಿನ ಮೇಲಿದ್ದ ಮಾತು. ಕಲಿಸುವ ಮೇಷ್ಟ್ರು ಮಾತ್ರ ಮೊದಲ ದಿನವೇ ಹೇಳಿಬಿಟ್ಟರು: "ನಾಯಿಗೆ ಬುದ್ಧಿ ಇದ್ದೇ ಇರತ್ತೆ. ಕಲೀಬೇಕಾಗಿರೋದು ಹಗ್ಗದ ಈ ತುದೀಲಿ ನಿಂತಿರೋರು."

ಹಗ್ಗದ ಈ ತುದಿಯಲ್ಲಿ ಅವತ್ತು ಒಂಬತ್ತು ಜನ ನಿಂತಿದ್ದರು. ಅವರಲ್ಲೊಬ್ಬಳು ದೊಡ್ಡ ಬಟ್ಟೆ ಅಂಗಡಿಯ ಹಿಂಬದಿಯ ಕೋಣೆಯಲ್ಲಿ ಕೂತು ಗಿರಾಕಿಗಳ ಪ್ಯಾಂಟಿನ ಉದ್ದ ಕತ್ತರಿಸುವ, ಸೊಂಟ ಬಿಡಿಸುವ, ಕೆಟ್ಟ ಜಿಪ್ಪು ಬದಲಿಸುವ ಹೆಂಗಸು. ಅಂಗಡಿಯವರಿಗೆಲ್ಲ ಅವಳು ಟೈಲರಕ್ಕ. ದಿನವಿಡೀ ತುಟಿಯ ನಡುವೆ ಗುಂಡುಪಿನ್ನು ಕಚ್ಚಿಕೊಂಡಿರುವ ಕಸುಬು. ಹಾಗಾಗಿ ಮಾತು ಕಡಿಮೆ, ಆಡಿದರೂ ತುಟಿ ಅಲುಗದ ಹಾಗೆ ಆಡುವ ಅಭ್ಯಾಸ.

"ಎಲ್ಲರೂ ನಾಯೀನ ಕೂರಿಸಿ ನೋಡೋಣ," ಅಂದರು ಮೇಷ್ಟ್ರು.

ಮೈದಾನದ ತುಂಬ "ಕೂರು, ಕೂರು" ಎದ್ದಿತು. ಕೆಲವು ಕೂತವು, ಕೆಲವು ಮಲಗಿದವು, ಒಂದು ತನ್ನ ಯಜಮಾನನ ಸುತ್ತ ತಿರುಗಿ ಅವನ ಕಾಲಿಗೆ ಹಗ್ಗ ಸುತ್ತಿಹಾಕಿತು. ಟೈಲರಕ್ಕನ ಕಂದುಬಣ್ಣದ ನಾಯಿ ಮಾತ್ರ ನಿಂತಲ್ಲೇ ನಿಂತು, ಇದೆಲ್ಲ ತನಗೆ ಸಂಬಂಧಿಸಿದ್ದಲ್ಲ ಎಂಬಂತೆ ದೂರದ ರಸ್ತೆ ನೋಡುತ್ತಿತ್ತು.

ಮೇಷ್ಟ್ರು ಹತ್ತಿರ ಬಂದರು. ಪಶುವೈದ್ಯರ ಬಳಿ ಮೂವತ್ತು ವರ್ಷ ಕಾಂಪೌಂಡರ್ ಆಗಿದ್ದವರು. ಎರಡೂ ಕೈಯಲ್ಲಿ ಹಳೆಯ ಕಚ್ಚುಗಳ ಗುರುತು. "ಮನೇಲಿ ಏನಂತ ಹೇಳಿ ಕೂರಿಸ್ತೀರಮ್ಮಾ?"

ಅವಳು ಏನೋ ಗೊಣಗಿದಳು.

"ಕೇಳಿಸಲಿಲ್ಲ."

"ಆಸೀನರಾಗಿ," ಅಂದಳು ಅವಳು. ಮುಖ ಕೆಂಪಾಯಿತು.

ಆ ಪದ ಕಿವಿಗೆ ಬಿದ್ದದ್ದೇ ತಡ, ನಾಯಿ ಅವಳತ್ತ ತಿರುಗಿ ಪಟ್ಟಂತ ಕೂತಿತು. ಉಳಿದ ಎಂಟೂ ಜನ ಗೊಳ್ಳೆಂದು ನಕ್ಕರು. ಪಕ್ಕದಲ್ಲಿದ್ದ ನಿವೃತ್ತ ಪೋಸ್ಟ್‌ಮ್ಯಾನ್ ಅಂತೂ ಕಣ್ಣೊರೆಸಿಕೊಂಡು, "ಅಲ್ಲ ಕಣಮ್ಮ, ನಲವತ್ತು ವರ್ಷ ಮನೆಮನೆ ತಿರುಗಿದೀನಿ, ನನಗೇ ಯಾರೂ ಇಷ್ಟು ಮರ್ಯಾದೆ ಕೊಟ್ಟು ಕೂರಿಸಲಿಲ್ಲ," ಅಂದ.

ಅವಳೂ ನಕ್ಕಳು. ನಗದೆ ಇನ್ನೇನು ಮಾಡುವುದು? ಆ ಪದ ನಾಯಿಗೆ ಕಲಿಸಿದ್ದು ಅವಳಲ್ಲ, ಅವಳ ಗಂಡ.

ಗಂಡ ಬಸ್ ನಿಲ್ದಾಣದ ಅನೌನ್ಸರ್. ಇಪ್ಪತ್ತಾರು ವರ್ಷ ಗಾಜಿನ ಗೂಡಿನಲ್ಲಿ ಕೂತು, ಯಾವ ಬಸ್ಸು ಎಷ್ಟನೇ ಅಂಕಣದಿಂದ ಎಷ್ಟು ಹೊತ್ತಿಗೆ ಹೊರಡುತ್ತದೆ ಎಂದು ಊರಿಗೆಲ್ಲ ಹೇಳಿದವನು. ಅವನ ಮುಖ ಯಾರಿಗೂ ಗೊತ್ತಿರಲಿಲ್ಲ, ದನಿ ಗೊತ್ತಿಲ್ಲದವರಿರಲಿಲ್ಲ. ತರಕಾರಿ ಕೊಳ್ಳುವಾಗ ಬಾಯಿ ತೆರೆದರೆ ಸಾಕು, ಅಂಗಡಿಯವನು ತಲೆಯೆತ್ತಿ, "ಓ, ನೀವೇನಾ ಸಾರ್ ಅದು!" ಅನ್ನುತ್ತಿದ್ದ. ನಿಲ್ದಾಣದ ಡೀಸೆಲ್ ಬ್ಯಾರೆಲ್ಲುಗಳ ಸಂದಿಯಲ್ಲಿ ಸಿಕ್ಕ ಮರಿಯನ್ನು ಅಂಗಿಯೊಳಗೆ ಇಟ್ಟುಕೊಂಡು ಮನೆಗೆ ತಂದವನೂ ಅವನೇ. ಹೆಸರು ದೊರೆ ಅಂತಿಟ್ಟ. "ದಿನವಿಡೀ ಎಲ್ಲರಿಗೂ ದಯವಿಟ್ಟು ದಯವಿಟ್ಟು ಅಂತೀನಿ. ಮನೇಲಿ ಒಬ್ಬ ದೊರೆ ಇರಲಿ ಬಿಡು," ಅಂದಿದ್ದ. ಕರೆಯುವುದಕ್ಕೆ 'ದಯಮಾಡಿಸಿ', ಕೂರುವುದಕ್ಕೆ 'ಆಸೀನರಾಗಿ', ಮಲಗಿ ಕಾಯುವುದಕ್ಕೆ 'ವಿಶ್ರಮಿಸಿ'. ಮೈಕಿನ ಮುಂದೆ ಹೇಗೋ ಹಾಗೆಯೇ ಗಂಭೀರವಾಗಿ ಹೇಳುತ್ತಿದ್ದ. ಮರಿ ಬಾಲ ಬಡಿಯುತ್ತ ಕಲಿಯಿತು. ಮಕ್ಕಳಿಲ್ಲದ ಆ ಎರಡು ಕೋಣೆಯ ಮನೆಯಲ್ಲಿ ಮಾತಿನ ಪಾಲು ಅವನದು, ಕೇಳುವ ಪಾಲು ಅವಳದು ಮತ್ತು ನಾಯಿಯದು.

ಏಳು ತಿಂಗಳ ಹಿಂದೆ, ಹನ್ನೊಂದೂಮುಕ್ಕಾಲರ ಬಸ್ಸಿನ ವಿಷಯ ಹೇಳುತ್ತ ಹೇಳುತ್ತ ಅವನ ನಾಲಿಗೆ ತೊದಲಿತು. ಮೈಕು ಹಾಗೇ ತೆರೆದಿತ್ತು. ನಿಲ್ದಾಣದ ತುಂಬ ಏನೋ ಅರ್ಥವಾಗದ ಸದ್ದು, ಆಮೇಲೆ ಕುರ್ಚಿ ಬಿದ್ದ ಸದ್ದು. ಪಾರ್ಶ್ವವಾಯು. ಜೀವ ಉಳಿಯಿತು. ಬಲಗಾಲು ಎಳೆದಾಡುವಷ್ಟು ಉಳಿಯಿತು, ಬಲಗೈ ತನ್ನಷ್ಟಕ್ಕೆ ತಾನೇ ಸೆಟೆಯುವಂತಾಯಿತು. ಮಾತು ಹೋಯಿತು. ಎಲ್ಲ ಹೋಗಿ ಒಂದೇ ಒಂದು ಪದ ಉಳಿಯಿತು: ಆಯ್ತು.

ಹಸಿವಾದರೂ ಆಯ್ತು, ನೋವಾದರೂ ಆಯ್ತು, ಕಿಟಕಿ ಮುಚ್ಚು ಎನ್ನುವುದಕ್ಕೂ ಆಯ್ತು. ಮಾತು ಕಲಿಸುವ ಡಾಕ್ಟರಮ್ಮ ಅವಳನ್ನು ಪಕ್ಕಕ್ಕೆ ಕರೆದು ಬಿಡಿಸಿ ಹೇಳಿದಳು: "ಒಳಗೆ ಅವರಿಗೆ ಬಹಳಷ್ಟು ಅರ್ಥ ಆಗ್ತಿದೆ. ಹೊರಗೆ ಬರೋ ದಾರಿ ಮುಚ್ಚಿದೆ ಅಷ್ಟೆ. ಆಯ್ತು ಅಂದ್ರೆ ಹೌದು ಅಂತ ತಿಳ್ಕೋಬೇಡಿ. ತಲೆ ಆಡಿಸಿದ್ರೂ ನಂಬಬೇಡಿ, ಈಗ ಅದೂ ತಲೆಕೆಳಗಾಗತ್ತೆ." ಹಾಗಾದರೆ ಯಾವುದನ್ನು ನಂಬಲಿ ಎಂದು ಕೇಳಬೇಕೆಂದಿದ್ದಳು. ಅಷ್ಟರಲ್ಲಿ ಮುಂದಿನ ರೋಗಿಯನ್ನು ಕರೆದರು.

ಆಸ್ಪತ್ರೆಯಿಂದ ಅವನನ್ನು ಮನೆಗೆ ಕರೆತಂದ ದಿನ ಅವಳು ನಾಯಿಗೆ ಸ್ನಾನ ಮಾಡಿಸಿಟ್ಟಿದ್ದಳು. ಎರಡು ತಿಂಗಳಿಂದ ಯಜಮಾನನನ್ನು ಕಾಣದ ನಾಯಿ, ನೋಡಿದರೆ ಎಗರಿ ಬೀಳಿಸೀತು ಎಂಬ ಭಯಕ್ಕೆ ಕುತ್ತಿಗೆಪಟ್ಟಿ ಹಿಡಿದು ನಿಂತಿದ್ದಳು. ಬಾಗಿಲು ತೆರೆಯಿತು. ಊರುಗೋಲು ಟಕ್ ಅಂದಿತು, ಕಾಲು ಸರ್ ಅಂತ ಸರಿಯಿತು. ನಾಯಿಯ ಬೆನ್ನ ಮೇಲಿನ ಕೂದಲು ನೆಟ್ಟಗಾಯಿತು. ಅವನು ಎಡಗೈ ಚಾಚಿ, ಕಣ್ಣು ತುಂಬಿಕೊಂಡು, "ಆಯ್ತು, ಆಯ್ತು," ಅಂದ. ನಾಯಿ ಹಲ್ಲು ಬಿಟ್ಟು ಗುರುಗುಟ್ಟುತ್ತ ಹಿಂದೆ ಹಿಂದೆ ಸರಿದು ಮಂಚದ ಕೆಳಗೆ ಸೇರಿತು.

ನಾಲ್ಕು ದಿನದಲ್ಲಿ ಸರಿಹೋಗುತ್ತದೆ ಅಂದುಕೊಂಡರು. ಸರಿಹೋಗಲಿಲ್ಲ. ಅವನು ಕೂತಿದ್ದರೆ ನಾಯಿ ದೂರದಲ್ಲಿ ಸುಮ್ಮನಿರುತ್ತಿತ್ತು. ಎದ್ದು ಕಾಲೆಳೆದನೆಂದರೆ ಬೊಗಳು. ಅದನ್ನಾದರೂ ಸಹಿಸಬಹುದಿತ್ತು. ಸಂಜೆ ಐದೂವರೆಗೆ, ಮೊದಲು ಅವನು ಕೆಲಸ ಮುಗಿಸಿ ಬರುತ್ತಿದ್ದ ಹೊತ್ತಿಗೆ ಸರಿಯಾಗಿ, ದೊರೆ ಎದ್ದು ಹೋಗಿ ಬಾಗಿಲ ಮುಂದೆ ಕೂರುತ್ತಿತ್ತು. ಕಿವಿ ನಿಮಿರಿಸಿ, ಮೆಟ್ಟಿಲ ಸದ್ದಿಗೆ ಕಾಯುತ್ತಿತ್ತು. ಯಾರಿಗಾಗಿ ಕಾಯುತ್ತಿತ್ತೋ ಅವನು ಅದರ ಹಿಂದೆ ಮೂರು ಮಾರು ದೂರದ ಕುರ್ಚಿಯಲ್ಲಿ ಕೂತು ಅದರ ಬೆನ್ನು ನೋಡುತ್ತಿದ್ದ. ಅಂಗಡಿಯಿಂದ ಬಂದು ಬಾಗಿಲು ತೆರೆದಾಗ ಟೈಲರಕ್ಕನಿಗೆ ದಿನಾ ಈ ಎರಡು ಜೋಡಿ ಕಣ್ಣು ಎದುರಾಗುತ್ತಿದ್ದವು. ಬಂದದ್ದು ಅವಳೆಂದು ಗೊತ್ತಾಗಿ ನಾಯಿ ಬಾಲ ಎರಡು ಸಲ ಆಡಿಸಿ ಮತ್ತೆ ಅವಳ ಕಾಲಸಂದಿಯಿಂದ ಮೆಟ್ಟಿಲು ನೋಡುತ್ತಿತ್ತು.

ಹಗಲು ಅವನನ್ನು ನೋಡಿಕೊಳ್ಳಲು ಅವನ ಅಕ್ಕ ಬಂದಿದ್ದಳು. ತನ್ನ ಮಂಡಿನೋವನ್ನೂ ಲೆಕ್ಕಿಸದೆ ತಮ್ಮನಿಗೆ ಸ್ನಾನ ಮಾಡಿಸಿ, ಊಟ ಮಾಡಿಸಿ, ಗಡ್ಡ ಹೆರೆಯುತ್ತಿದ್ದ ಹೆಂಗಸು. ಒಂದು ಮಧ್ಯಾಹ್ನ ಅವನು ಶೌಚಕ್ಕೆ ಎದ್ದಾಗ ನಾಯಿ ಊರುಗೋಲಿಗೆ ಬಾಯಿಹಾಕಿ ಎಳೆಯಿತು. ಅವನು ಬಿದ್ದ. ಎಡಗೈ ಮಣಿಕಟ್ಟು ಉಳುಕಿತು. ಇದ್ದದ್ದೇ ಆ ಒಂದು ಒಳ್ಳೆಯ ಕೈ.

"ನೋಡು ಕಣೇ," ಅಂದಳು ಅವನ ಅಕ್ಕ ಅವತ್ತು ಸಂಜೆ, "ನಾನು ಕೆಟ್ಟೋಳಲ್ಲ. ನಾಯಿಗೂ ನನ್ನ ಕೈಯ್ಯಾರೆ ಅನ್ನ ಹಾಕ್ತೀನಿ. ಆದ್ರೆ ಇನ್ನೊಂದ್ಸಲ ಬಿದ್ರೆ ಎತ್ತೋ ಶಕ್ತಿ ನನಗಿಲ್ಲ. ಅದನ್ನ ಎಲ್ಲಾದ್ರೂ ಬಿಡು, ಇಲ್ಲ ನನ್ನನ್ನ ಬಿಡು."

"ಎರಡು ತಿಂಗಳು ಟೈಮ್ ಕೊಡಿ ಅತ್ತಿಗೆ," ಅಂದಳು ಇವಳು. ಮರುದಿನ ಪಶುವೈದ್ಯರನ್ನು ಕೇಳಿಕೊಂಡು ಈ ಭಾನುವಾರದ ಪಾಠಕ್ಕೆ ಹೆಸರು ಬರೆಸಿದಳು. ಎಂಟು ವಾರದ ಪಾಠ.

ಪಾಠದಲ್ಲಿ ಅವಳು ಮೊದಲು ಕಲಿತದ್ದು ಬಾಯಿ ಬಿಡುವುದನ್ನು. "ಅಮ್ಮಾ, ಪಿನ್ನು ಉಗೀರಿ," ಅನ್ನುತ್ತಿದ್ದರು ಮೇಷ್ಟ್ರು, "ದನಿ ಹೊಟ್ಟೆಯಿಂದ ಬರ್ಲಿ." ಮೂರನೇ ವಾರಕ್ಕೆ ಅವಳ 'ದಯಮಾಡಿಸಿ' ಮೈದಾನದ ಆಚೆ ಬದಿಗೆ ಕೇಳಿಸುವಂತಾಯಿತು. ದೊರೆ ಕಿವಿ ಹಿಂದಕ್ಕೆ ಮಡಚಿ ಓಡಿ ಬಂದು ಅವಳ ಪಾದದ ಮೇಲೆ ಕೂರುತ್ತಿತ್ತು. ಇಷ್ಟು ವರ್ಷ ಗಂಡನ ನಾಯಿಯಾಗಿದ್ದದ್ದು ತನ್ನ ಮಾತನ್ನೂ ಕೇಳುತ್ತದೆಂಬುದು ಅವಳಿಗೆ ಹೊಸ ಸುಖ. ಅಂಗಡಿಯಲ್ಲೂ ಒಂದು ದಿನ, ಅಳತೆ ಕೊಡುತ್ತ ಮೈ ಕುಣಿಸುತ್ತಿದ್ದ ಗಿರಾಕಿಗೆ "ನೆಟ್ಟಗೆ ನಿಂತ್ಕೊಳ್ಳಿ" ಅಂದುಬಿಟ್ಟಳು, ಆತ ನಿಂತೇಬಿಟ್ಟ.

ಮನೆಯ ಕಷ್ಟ ಕೇಳಿದ ಮೇಲೆ ಮೇಷ್ಟ್ರು ಪಾಠದ ಕೊನೆಯ ಹದಿನೈದು ನಿಮಿಷ ದೊರೆಗೆಂದೇ ತೆಗೆದಿಟ್ಟರು. ಒಂದು ಹಳೆಯ ಊರುಗೋಲು ತಂದು, ತಾವೇ ಬಲಗಾಲು ಎಳೆಯುತ್ತ ಅದರ ಮುಂದೆ ನಡೆದರು. ದೂರದಿಂದ ಮೊದಲು, ಪ್ರತಿ ಸಲ ಒಂದು ಹೆಜ್ಜೆ ಹತ್ತಿರ. ಸುಮ್ಮನಿದ್ದರೆ ಒಂದು ತುಂಡು ಮೊಟ್ಟೆ. ಪೋಸ್ಟ್‌ಮ್ಯಾನ್ ಕೂಡ ತನ್ನ ಮುದಿ ಹೆಣ್ಣುನಾಯಿಯನ್ನು ಕಂಬಕ್ಕೆ ಕಟ್ಟಿ ಕುಂಟುವುದಕ್ಕೆ ಸೇರಿಕೊಂಡ. "ನಾಲ್ಕು ಸಲ ನಾಯಿ ಕೈಲಿ ಕಚ್ಚಿಸಿಕೊಂಡಿದೀನಿ ತಂಗಿ, ಕುಂಟೋದು ನನಗೆ ಯಾರೂ ಹೇಳಿಕೊಡಬೇಕಿಲ್ಲ." ಐದನೇ ಭಾನುವಾರ ದೊರೆ ಕುಂಟುವ ಇಬ್ಬರ ನಡುವೆ ಮಲಗಿ ಆಕಳಿಸಿತು. ಟೈಲರಕ್ಕ ಮನೆಗೆ ಬರುವ ದಾರಿಯುದ್ದಕ್ಕೂ ಅದರ ಜೊತೆ ಮಾತಾಡಿಕೊಂಡು ಬಂದಳು.

ಆರನೇ ಭಾನುವಾರ ಗಂಡನನ್ನೇ ಟ್ಯಾಕ್ಸಿಯಲ್ಲಿ ಕರೆದುಕೊಂಡು ಹೋದಳು. ತಾಯಿಯಂತಿದ್ದ ಅವನ ಅಕ್ಕ ತಮ್ಮನಿಗೆ ಇಸ್ತ್ರಿ ಮಾಡಿದ ಅಂಗಿ ತೊಡಿಸಿ, ತಲೆ ಬಾಚಿ ಕಳಿಸಿದ್ದಳು. ಮೈದಾನದ ಅಂಚಿನಲ್ಲಿ ಕುರ್ಚಿ ಹಾಕಿ ಕೂರಿಸಿದರು. ಉಳಿದವರು ತಮ್ಮ ನಾಯಿಗಳನ್ನು ದೂರ ಕರೆದೊಯ್ದು ಉಸಿರು ಬಿಗಿಹಿಡಿದು ನಿಂತರು.

"ಸಾರ್, ನೀವು ಏನೂ ಮಾಡ್ಬೇಡಿ," ಅಂದರು ಮೇಷ್ಟ್ರು, "ಸುಮ್ಮನೆ ಕೂತಿರಿ. ಅದಾಗೇ ಬರ್ಲಿ."

"ಆಯ್ತು," ಅಂದ ಅವನು.

ಅವಳು ಹಗ್ಗ ಹಿಡಿದು ಹೆಜ್ಜೆ ಹೆಜ್ಜೆಯಾಗಿ ಬಂದಳು. ಹತ್ತು ಮಾರು. ಆರು ಮಾರು. ನಾಯಿ ಮೂಗು ಅರಳಿಸಿತು. ಗಾಳಿ ಅವನ ಕಡೆಯಿಂದ ಬೀಸುತ್ತಿತ್ತು. ಒಂದು ಮೊಳ ದೂರದಲ್ಲಿ ನಿಂತು, ಕತ್ತು ಮುಂದೆ ಚಾಚಿ, ಅವನ ಮೊಣಕಾಲನ್ನು ಮೂಸಿತು. ಬಾಲ ಮೆಲ್ಲಗೆ, ಒಂದು ಸಲ, ಇನ್ನೊಂದು ಸಲ ಆಡಿತು. ಗುರುತು ಹತ್ತಿತು ಅಂತ ಅವಳಿಗೆ ಆ ಕ್ಷಣ ಖಾತ್ರಿಯಾಗಿತ್ತು. ಆಮೇಲೆ ಎಷ್ಟೋ ಸಲ ಅದನ್ನೇ ಹೇಳಿಕೊಂಡಳು.

ಅವನಿಗೂ ಹಾಗೇ ಅನ್ನಿಸಿರಬೇಕು. ಇಷ್ಟು ತಿಂಗಳು ತಡೆದಿಟ್ಟ ಸಂತೋಷ ಒಮ್ಮೆಗೇ ನುಗ್ಗಿ ಬಂದಿತು. ಕರೆಯಬೇಕೆಂದು ಬಾಯಿ ತೆರೆದ. "ಆಯ್ತು! ಆಯ್ತು! ಆಯ್ತು!" ಎಂದು ಕಿರುಚಿದ. ಸಂತೋಷಕ್ಕೆ ಆ ಬಲಗೈ ಸೆಟೆದು ಮೇಲೆದ್ದು ನಾಯಿಯ ಮೂತಿಗೆ ಬಡಿಯಿತು.

ನಾಯಿ ಕಚ್ಚಿತು. ಆಳವಾಗಿಯೇನಲ್ಲ, ಅಂಗಿಯ ತೋಳು ಹರಿಯಿತು, ಚರ್ಮ ತರಚಿ ನಾಲ್ಕು ಹನಿ ರಕ್ತ ಬಂತು. ಮೇಷ್ಟ್ರು ಹಗ್ಗ ಕಸಿದುಕೊಂಡು ಅದನ್ನು ದೂರ ಎಳೆದೊಯ್ದರು. ಅವನು ಅಳತೊಡಗಿದ. ಕಾಯಿಲೆ ಬಂದ ಮೇಲೆ ಅವನ ಅಳು ಹಾಗೆಯೇ, ಶುರುವಾದರೆ ನಿಲ್ಲಿಸಲು ಅವನಿಗೇ ಬರುತ್ತಿರಲಿಲ್ಲ. ಅವಳು ಹರಿದ ತೋಳನ್ನು ಬೆರಳಿಂದ ಜೋಡಿಸಿ ಹಿಡಿದುಕೊಂಡು, "ಹೊಲಿದುಕೊಡ್ತೀನಿ ರೀ, ಇದೇನು ಹೊಲಿದುಬಿಡ್ತೀನಿ," ಅನ್ನುತ್ತಲೇ ಇದ್ದಳು.

ಗಾಯ ತೊಳೆದು ಔಷಧಿ ಹಚ್ಚಿದ ಮೇಲೆ ಮೇಷ್ಟ್ರು ಅವಳನ್ನು ಈಜುಕೊಳದ ಗೋಡೆಯ ಬಳಿ ಕರೆದರು. "ನಾನು ಸುಳ್ಳು ಹೇಳಲ್ಲಮ್ಮ. ನಾಯಿದು ತಪ್ಪಿಲ್ಲ, ಅವರದಂತೂ ಇಲ್ಲವೇ ಇಲ್ಲ. ನಾಯಿಗೆ ಕಲಿಸಬಹುದು, ನಿಮಗೆ ಕಲಿಸಿದೆ. ಆ ಕೈಗೆ ಕಲಿಸೋ ವಿದ್ಯೆ ನನ್ನತ್ರ ಇಲ್ಲ. ಇನ್ನೊಂದ್ಸಲ ಹೀಗಾದ್ರೆ ತೋಳಲ್ಲ, ಮುಖ ಆಗತ್ತೆ."

"ಇನ್ನೂ ಎರಡು ವಾರ ಇದೆಯಲ್ಲ ಸಾರ್."

"ಎರಡು ವರ್ಷ ಇದ್ರೂ ಇದನ್ನೇ ಹೇಳ್ತಿದ್ದೆ."

ಸ್ವಲ್ಪ ದೂರದಲ್ಲಿ ಪೋಸ್ಟ್‌ಮ್ಯಾನ್ ದೊರೆಯನ್ನು ಹಿಡಿದು ನಿಂತಿದ್ದ. ಹೊರಡುವಾಗ ಹಗ್ಗ ಅವಳ ಕೈಗೆ ಕೊಡುತ್ತ, ಕಣ್ಣು ತಪ್ಪಿಸಿ, "ನಮ್ಮನೆ ಹಿಂದೆ ಜಾಗ ಇದೆ ತಂಗಿ. ನಮ್ಮ ಮುದುಕಿ ನಾಯಿಗೂ ಜೊತೆ ಆಗತ್ತೆ. ಬೇಕು ಅಂತಲ್ಲ, ಸುಮ್ಮನೆ ಹೇಳಿದೆ," ಅಂದ.

ಗಂಡನನ್ನು ಕೇಳದೆ ಕೊಡಲು ಅವಳಿಗೆ ಮನಸ್ಸು ಬರಲಿಲ್ಲ. ನಾಯಿ ಅವನದು. ಆ ವಾರ ಮೂರು ಸಲ ಕೇಳಿದಳು. ಮೊದಲ ಸಲ, ಮುಖದೆದುರು ಮೊಣಕಾಲೂರಿ ಕೂತು, "ರೀ, ದೊರೇನ ಪೋಸ್ಟ್‌ಮ್ಯಾನ್ ಮನೆಗೆ ಕಳಿಸೋಣ್ವಾ?" ಅಂದಳು.

"ಆಯ್ತು."

"ಇಲ್ಲ, ಸರಿಯಾಗಿ ಕೇಳಿಸ್ಕೊಳ್ಳಿ. ಕಳಿಸೋದು ಬೇಡ್ವಾ? ಇಲ್ಲೇ ಇರ್ಲಾ?"

"ಆಯ್ತು."

ಎರಡನೇ ಸಲ ಚೀಟಿಯಲ್ಲಿ ಬರೆದು ತೋರಿಸಿದಳು. ಅವನು ಚೀಟಿಯನ್ನು ಬಹಳ ಹೊತ್ತು ನೋಡಿ ಮಡಚಿ ಜೇಬಿಗಿಟ್ಟುಕೊಂಡ. ಮೂರನೇ ಸಲ ಎರಡು ವಸ್ತು ಮುಂದಿಟ್ಟಳು. ನಾಯಿಯ ತಟ್ಟೆ ಮುಟ್ಟಿದರೆ ಇರಲಿ, ಹಗ್ಗ ಮುಟ್ಟಿದರೆ ಹೋಗಲಿ. ಅವನು ಹಗ್ಗವನ್ನು ಎತ್ತಿಕೊಂಡು ಎದೆಗೆ ಒತ್ತಿಕೊಂಡ. ಅದರ ಅರ್ಥವೇನು? ಕೊಟ್ಟುಬಿಡು ಅಂತಲೋ, ಕೊಡಲಾರೆ ಅಂತಲೋ? ಅವಳು ಅವನ ಕಣ್ಣಲ್ಲಿ ಕಣ್ಣಿಟ್ಟು ನೋಡಿದಳು. ಇಪ್ಪತ್ತೆರಡು ವರ್ಷ ಜೊತೆಗೆ ಬಾಳಿದ ಕಣ್ಣು. ಏನೂ ತಿಳಿಯಲಿಲ್ಲ. ಕೊನೆಗೆ ಅವನು ಗೋಡೆಯ ಕಡೆ ಹೊರಳಿ ಮಲಗಿದ. ಹೊರಗೆ ಪಾತ್ರೆ ತೊಳೆಯುತ್ತಿದ್ದ ಅವನ ಅಕ್ಕ, "ಕೇಳಿ ಕೇಳಿ ಯಾಕೆ ಗೋಳು ಹುಯ್ಕೋತೀಯ? ನಿರ್ಧಾರ ನೀನೇ ಮಾಡು. ಬೇಕಾದ್ರೆ ಪಾಪ ನನ್ನ ತಲೆಗೆ ಕಟ್ಟು," ಅಂದಳು. ದನಿಯಲ್ಲಿ ಸಿಟ್ಟಿರಲಿಲ್ಲ.

ಎಂಟನೇ ಭಾನುವಾರ ಪರೀಕ್ಷೆ. ನಡೆಸು, ನಿಲ್ಲಿಸು, ಕರೆ, ಇನ್ನೊಂದು ನಾಯಿಯ ಪಕ್ಕ ಸುಮ್ಮನೆ ಹಾದುಹೋಗು. ಎಲ್ಲದರಲ್ಲೂ ದೊರೆ ಮುಂದು. ಕೊನೆಯದು ಎಲ್ಲಕ್ಕಿಂತ ಕಷ್ಟದ್ದು: ನಾಯಿಯನ್ನು ಮಲಗಿಸಿ ಯಜಮಾನರು ಮರೆಯಾಗಬೇಕು, ಕರೆಯುವವರೆಗೂ ಅದು ಅಲ್ಲಾಡಬಾರದು. ಹೆಚ್ಚಿನ ನಾಯಿಗಳು ಅರ್ಧ ನಿಮಿಷಕ್ಕೇ ಎದ್ದು ಹುಡುಕಿಕೊಂಡು ಓಡಿದವು. ದೊರೆ ಮುಂಗಾಲಿನ ಮೇಲೆ ಗಲ್ಲವಿಟ್ಟು ಮೂರು ನಿಮಿಷವೂ ಮಲಗಿತ್ತು. ಎಲ್ಲರೂ ಚಪ್ಪಾಳೆ ತಟ್ಟಿದರು. ಮೇಷ್ಟ್ರು ಪ್ರಮಾಣಪತ್ರ ಕೊಟ್ಟರು. ಅದರ ಮೇಲೆ ನಾಯಿಯ ಹೆಸರು, ಕೆಳಗೆ ಅವಳ ಹೆಸರು.

ದೊರೆಯನ್ನು ಪೋಸ್ಟ್‌ಮ್ಯಾನನಿಗೆ ಒಪ್ಪಿಸುವುದನ್ನೂ ಅಲ್ಲೇ ಮುಗಿಸುವುದೆಂದು ಮಾತಾಗಿತ್ತು. ತಟ್ಟೆ, ಹಾಸುವ ಗೋಣಿ, ಅವನ ಒಂದು ಹಳೆಯ ಅಂಗಿ ಚೀಲದಲ್ಲಿಟ್ಟು ತಂದಿದ್ದಳು. ಪೋಸ್ಟ್‌ಮ್ಯಾನ್ ಮೂರೂ ಪದಗಳನ್ನು ಅಂಗೈಯಲ್ಲಿ ಪೆನ್ನಿನಿಂದ ಬರೆದುಕೊಂಡಿದ್ದ.

"ಹೇಗೆ ಹೋಗ್ಬೇಕು ಸಾರ್?" ಅಂತ ಮೇಷ್ಟ್ರನ್ನು ಕೇಳಿದಳು.

"ಮಲಗಿಸಿ ಹೋಗಿ. ತಿರುಗಿ ನೋಡ್ಬೇಡಿ. ನೀವು ಗೇಟು ದಾಟಿದ ಮೇಲೆ ಇವರು ಕರೀತಾರೆ."

ಅವಳು ದೊರೆಯ ಮುಂದೆ ನಿಂತಳು. ಏನಾದರೂ ಹೇಳಬೇಕೆನ್ನಿಸಿತು. ನಾಯಿಗೆ ಅರ್ಥವಾಗುವ ಪದಗಳಿದ್ದದ್ದೇ ಮೂರು. "ವಿಶ್ರಮಿಸಿ," ಅಂದಳು. ದೊರೆ ಮಲಗಿತು. ಅವಳು ತಿರುಗಿ ನಡೆದಳು. ತಾನೇ ಕಲಿಸಿದ ಪಾಠ; ಎಷ್ಟು ಚೆನ್ನಾಗಿ ಕಲಿತಿದೆಯೆಂದರೆ ತಾನು ಕರೆಯುವವರೆಗೂ ಅದು ಅಲ್ಲೇ ಇರುತ್ತದೆ, ತಾನು ಕರೆಯುವುದಿಲ್ಲ. ಬೆನ್ನ ಹಿಂದೆ ಒಂದು ಕುಯ್ಯೆಂಬ ಸದ್ದಾದರೂ ಬಂದಿದ್ದರೆ ಓಡಿ ಬಂದು ಅಪ್ಪಿಕೊಂಡುಬಿಡುತ್ತಿದ್ದಳೋ ಏನೋ. ಬರಲಿಲ್ಲ. ಗೇಟು ದಾಟಿ, ಮೂಲೆ ತಿರುಗಿದ ಮೇಲೆ, ಪೋಸ್ಟ್‌ಮ್ಯಾನನ ಒಡಕು ದನಿ ಕೇಳಿಸಿತು: "ದಯಮಾಡಿಸಿ ದೊರೆ, ದಯಮಾಡಿಸಿ." ಮತ್ತೆ ಮತ್ತೆ ಕರೆಯುತ್ತಿದ್ದ. ಎಷ್ಟನೇ ಕರೆಗೆ ಅದು ಎದ್ದಿತೋ, ಅವಳು ಅವನನ್ನು ಯಾವತ್ತೂ ಕೇಳಲಿಲ್ಲ.

ಮನೆಯಲ್ಲಿ ಅವತ್ತು ಗಂಡ ಊಟ ಮಾಡಿದ. ಐದೂವರೆಗೆ ಬಾಗಿಲ ಕಡೆ ನೋಡಿದ. ಅವನ ಅಕ್ಕ ಮೂಲೆಯಲ್ಲಿ ಗೋಣಿ ಹಾಸಿದ್ದ ಜಾಗ ಗುಡಿಸುತ್ತ ಕಂದು ಕೂದಲಿನ ಉಂಡೆ ಸಿಕ್ಕಿದ್ದೇ ಪೊರಕೆ ಬಿಸಾಡಿ ಗಟ್ಟಿಯಾಗಿ ಅತ್ತಳು. ಅವಳನ್ನು ಸಮಾಧಾನ ಮಾಡಿದವಳು ಟೈಲರಕ್ಕ.

ಅದಾಗಿ ವರ್ಷ ದಾಟಿದೆ. ಅವನ ಕಾಲು ಸ್ವಲ್ಪ ಸುಧಾರಿಸಿದೆ. ಮನೆಯೊಳಗೆ ಊರುಗೋಲಿಲ್ಲದೆ ನಾಲ್ಕು ಹೆಜ್ಜೆ ಹಾಕುತ್ತಾನೆ. ಮಾತಿಗೆ ಇನ್ನೆರಡು ಪದ ಸೇರಿವೆ: ನೀರು, ಅಕ್ಕ. ನಾಯಿಯ ಸುದ್ದಿಯನ್ನು ಅವನ ಎದುರು ಯಾರೂ ಎತ್ತುವುದಿಲ್ಲ. ಅವನಿಗೆ ಸಿಟ್ಟಿದೆಯೋ, ಸಮಾಧಾನವಿದೆಯೋ, ತನ್ನ ಮೇಲಿನ ಪ್ರೀತಿಗೆ ಹೀಗೆ ಮಾಡಿದಳೆಂದು ತಿಳಿದಿದ್ದಾನೋ, ಅವಳಿಗೆ ಗೊತ್ತಿಲ್ಲ. ಕೆಲವೊಮ್ಮೆ ಅಂಗಡಿಯಲ್ಲಿ ಹೊಲಿಗೆ ಯಂತ್ರ ತುಳಿಯುತ್ತಿರುವಾಗ ಇದ್ದಕ್ಕಿದ್ದಂತೆ ಅದೇ ಪ್ರಶ್ನೆ ಎದ್ದು ಕಾಲು ನಿಂತುಬಿಡುತ್ತದೆ.

ದೊರೆ ಚೆನ್ನಾಗಿದೆಯಂತೆ. ಮುದುಕಿ ನಾಯಿಯ ಪಕ್ಕ ಬಿಸಿಲಿಗೆ ಮೈಚೆಲ್ಲಿ ಮಲಗುತ್ತದಂತೆ, ತೂಕ ಬಂದಿದೆಯಂತೆ. ಪೋಸ್ಟ್‌ಮ್ಯಾನ್ ಅದನ್ನು ಬೆಳಿಗ್ಗೆ ಎಂಟಕ್ಕೆ ಅಂಗಡಿಬೀದಿಯಲ್ಲಿ ಅಡ್ಡಾಡಿಸುತ್ತಾನೆ. ಅದಕ್ಕೆ ಅವಳು ಕೆಲಸಕ್ಕೆ ಈಗ ಆ ಬೀದಿ ಹಿಡಿಯುವುದಿಲ್ಲ. ಗೋದಾಮಿನ ಹಿಂದಿನ ಓಣಿಯಿಂದ ಸುತ್ತಿಕೊಂಡು ಹೋಗುತ್ತಾಳೆ. ಹನ್ನೆರಡು ನಿಮಿಷ ಹೆಚ್ಚು ಹಿಡಿಯುತ್ತದೆ. ಮನೆಯಿಂದ ಅಷ್ಟು ಬೇಗ ಹೊರಡುತ್ತಾಳೆ.